ಮೊಬೈಲಿನ ಕೇಸರಿ, ಅಚ್ಚಿನ ಕೇಸರಿ

ಕೊಪ್ಪಳದ ಮಗ್ಗುಲಲ್ಲಿರುವ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗರುಡನನ್ನು ಕೆತ್ತುತ್ತಾರೆ. ಮರದ ಹೊಟ್ಟು, ಸೆಣಬಿನ ಚಿಂದಿ, ಹುಣಸೆಬೀಜದ ಅಂಟು ಸೇರಿಸಿ ಅರೆದ ಕಿಟ್ಟವನ್ನು ಅದಕ್ಕೆ ಮೆತ್ತಿ, ನಯಗೊಳಿಸಿ, ಆಮೇಲೆ ಬಣ್ಣ ಹಚ್ಚುತ್ತಾರೆ. ಕಿರೀಟ, ಆಭರಣಗಳ ಮಿರುಗಿಗೆ ಲಾಜವಾರ ಎಂಬ ತವರದ ಕೆಲಸವಿದೆ. ಬೊಂಬೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಬೆಳಕು ಕಿರೀಟದ ಮೇಲೆ ಓಡಾಡುತ್ತದೆ. ಅದೇ ಗರುಡನ ಫೋಟೊ ನಾಲ್ಕು ಬಣ್ಣದ ಕರಪತ್ರದಲ್ಲಿ ಅಚ್ಚಾದಾಗ ಕಿರೀಟ ಮಾಸಲು ಕಂದಾಗಿರುತ್ತದೆ, ರೆಕ್ಕೆಯ ಹಸಿರು ಮಂಕಾಗಿರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆಯೊಂದು ದೂರದ ಗಿರಾಕಿಯ ಕೈಗೆ ಮೊದಲು ತಲುಪುವುದು ಈ ಕಾಗದದ ರೂಪದಲ್ಲೇ.

ಇಂಥ ಕರಪತ್ರ ಬಂದ ದಿನ ಆಗುವ ಜಗಳ ಈ ಜಿಲ್ಲೆಯ ಪ್ರತಿಯೊಂದು ಡಿಟಿಪಿ ಅಂಗಡಿಗೂ ಪರಿಚಿತ. “ಮೊಬೈಲ್‌ನ್ಯಾಗ ಚಂದಿತ್ತಲ್ರೀ, ಪೇಪರ್ ಮ್ಯಾಲ ಯಾಕ ಹಿಂಗಾತು?” ಎಂದು ಗಿರಾಕಿ ಕೇಳುತ್ತಾರೆ. ಅಂಗಡಿಯವನು ಪ್ರೆಸ್ಸಿನ ಕಡೆ ಕೈ ತೋರಿಸುತ್ತಾನೆ. ಪ್ರೆಸ್ಸಿನವರು ಫೈಲ್ ಸರಿಯಿರಲಿಲ್ಲ ಎನ್ನುತ್ತಾರೆ. ಮಷಿನ್‌ಮನ್ ತಾನು ಪ್ರೂಫ್ ನೋಡಿಯೇ ಹೊಡೆದದ್ದು ಎಂದು ಆಣೆ ಮಾಡುತ್ತಾನೆ. ನಾಲ್ವರೂ ನಿಜವನ್ನೇ ಹೇಳುತ್ತಿರುತ್ತಾರೆ. ಕೊನೆಗೆ ಹಣ ಬಿಡುವವನು ಸರಪಳಿಯಲ್ಲಿ ಎಲ್ಲರಿಗಿಂತ ಸಣ್ಣವನಾದ ಡಿಟಿಪಿ ಅಂಗಡಿಯ ಹುಡುಗ.

ಈ ತಕರಾರಿಗೆ ಕಾರಣ ಯಾರದೋ ಅಪ್ರಾಮಾಣಿಕತೆಯೂ ಅಲ್ಲ, ಕೈಚಳಕದ ಕೊರತೆಯೂ ಅಲ್ಲ. ಯಾವುದನ್ನು ನೋಡಿ, ಯಾವ ಬೆಳಕಿನಲ್ಲಿ, ಎಷ್ಟು ವ್ಯತ್ಯಾಸಕ್ಕೆ ಒಪ್ಪಬೇಕು ಎಂಬುದು ಮುದ್ರಣಕ್ಕೆ ಮೊದಲೇ ತೀರ್ಮಾನವಾಗಿರುವುದಿಲ್ಲ. ಆ ತೀರ್ಮಾನಕ್ಕೆ ಬೇಕಾದ ಅಳತೆ, ಶಿಸ್ತು ಎರಡೂ ಜಗತ್ತಿನಲ್ಲಿ ಸಿದ್ಧವಾಗಿವೆ. ಅವನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಬೀದಿಗೆ ತರುವ ಕೆಲಸ ಬಾಕಿ ಇದೆ.

ಒಂದು ಕಾಲಕ್ಕೆ ಪ್ರೂಫಿಗೂ ಅಚ್ಚಿಗೂ ಇಷ್ಟು ಅಂತರ ಇರಲಿಲ್ಲ. ಮೊಳೆ ಜೋಡಿಸಿ, ಬ್ಲಾಕ್ ಮಾಡಿಸಿ ಮುದ್ರಿಸುತ್ತಿದ್ದ ದಿನಗಳಲ್ಲಿ ಪ್ರೂಫ್ ತೆಗೆಯುತ್ತಿದ್ದದ್ದೂ ಅದೇ ಮೊಳೆ, ಅದೇ ಬ್ಲಾಕಿನಿಂದ. ಬಣ್ಣದ ಕೆಲಸಕ್ಕೆ ಪ್ರೂಫ್ ಮಷಿನ್ನಿನಲ್ಲಿ ಹಳದಿ, ಕೆಂಪು, ನೀಲಿ, ಕಪ್ಪು ಒಂದೊಂದನ್ನೇ ಅದೇ ಜಾತಿಯ ಶಾಯಿಯಿಂದ ಒತ್ತಿ, ಒಂದರ ಮೇಲೊಂದು ಬಂದ ಹಾಳೆಗಳನ್ನೂ ಮಷಿನ್‌ಮನ್ನನ ಕೈಗೆ ಕೊಡುತ್ತಿದ್ದರು. ಅವನಿಗೆ ದಾರಿ ಕಾಣುತ್ತಿತ್ತು. ಫಿಲ್ಮಿನ ಗೋಜಿಲ್ಲದೆ ಕಂಪ್ಯೂಟರಿನಿಂದ ನೇರ ಪ್ಲೇಟ್ ಮಾಡುವ ಪದ್ಧತಿ ಬಂದಮೇಲೆ ಸಮಯ ಉಳಿಯಿತು, ಖರ್ಚು ಇಳಿಯಿತು. ಆದರೆ ಪ್ರೂಫ್ ಎಂಬುದು ಬೇರೆಯೇ ಯಂತ್ರದಲ್ಲಿ, ಬೇರೆಯೇ ಶಾಯಿಯಲ್ಲಿ, ಬೇರೆಯೇ ಕಾಗದದ ಮೇಲೆ ತಯಾರಾಗುವ ಅನುಕರಣೆಯಾಯಿತು. ಈಗ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಾಟ್ಸ್ಆ್ಯಪ್‌ನಲ್ಲಿ ಬರುವ ಚಿತ್ರವಾಗಿದೆ. ‘ಓಕೆ’ ಎಂದು ಬೆರಳೊತ್ತಿದರೆ ಒಪ್ಪಿಗೆ ಆದಂತೆ.

ಆ ಒಪ್ಪಿಗೆಗೆ ಬಣ್ಣದ ವಿಷಯದಲ್ಲಿ ಬೆಲೆಯೇ ಇಲ್ಲ. ಮೊಬೈಲ್ ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಹೊರಸೂಸುತ್ತದೆ. ಅಚ್ಚಾದ ಹಾಳೆ ಬೆಳಕನ್ನು ಹೊರಗಿನಿಂದ ಎರವಲು ಪಡೆಯುತ್ತದೆ. ಬಿಳಿ ಕಾಗದದಿಂದ ಮರಳುವ ಬೆಳಕಿನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳು ತಂತಮ್ಮ ಪಾಲನ್ನು ಹೀರಿಕೊಂಡು ಉಳಿದದ್ದನ್ನು ನಮ್ಮ ಕಣ್ಣಿಗೆ ಬಿಡುತ್ತವೆ. ಪರದೆ ತೋರಿಸುವ ಎಷ್ಟೋ ಬಣ್ಣಗಳು ಈ ನಾಲ್ಕು ಶಾಯಿಗಳ ಎಟುಕಿಗೆ ಬರುವುದಿಲ್ಲ. ಉರಿಯುವ ಕೇಸರಿ, ಗಿಳಿಹಸಿರು, ನವಿಲಿನ ನೀಲಿ ಅವುಗಳಲ್ಲಿ ಮೊದಲಿನವು. ಜನವರಿಯಲ್ಲಿ ನಡೆಯುವ ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಇಡೀ ಜಿಲ್ಲೆಯ ಅಚ್ಚಿನ ಕೆಲಸ ಕೇಸರಿಗೆ ತಿರುಗುತ್ತದೆ. ಆಫ್‌ಸೆಟ್‌ನಲ್ಲಿ ಕೇಸರಿ ಎಂದರೆ ತುಂಬು ಹಳದಿಯ ಮೇಲೆ ಅರ್ಧದ ಆಸುಪಾಸು ಮಜೆಂಟಾ, ಅದೂ ಸಣ್ಣ ಚುಕ್ಕೆಗಳಾಗಿ. ಮಜೆಂಟಾ ಚುಕ್ಕೆ ಸ್ವಲ್ಪ ದಪ್ಪವಾದರೆ ಕೇಸರಿ ಕೆಂಪಿಗೆ ಜಾರುತ್ತದೆ, ಸಣ್ಣದಾದರೆ ಅರಿಸಿನಕ್ಕೆ ಬರುತ್ತದೆ. ಅದೇ ವಿನ್ಯಾಸ ಬ್ಯಾನರಿಗೆ ಹೋದರೆ ಅಲ್ಲಿ ಬೇರೆ ಶಾಯಿ, ಬೇರೆ ಮೈ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ ಮೇಲೆ ಬಟ್ಟೆಯ ಬ್ಯಾನರ್ ಮಾಡಿಸುವವರಿಗೆ ಇನ್ನೊಂದು ಬಗೆಯ ಬಿಳುಪು ಎದುರಾಗುತ್ತದೆ. ಆಮಂತ್ರಣ, ಬ್ಯಾನರ್, ಮೊಬೈಲ್ ಮೂರರಲ್ಲೂ ಒಂದೇ ಕೇಸರಿ ಬೇಕೆನ್ನುವ ಸಮಿತಿಗೆ ಅದು ಸಾಧ್ಯವಿಲ್ಲವೆಂದು ಮೊದಲೇ ಹೇಳುವ ಧೈರ್ಯ ಅಂಗಡಿಯವರಿಗೆ ಬರಬೇಕು.

ಹಾಗಾದರೆ ಹೊಂದಿಕೆ ತಪ್ಪಿದಾಗ ಎಲ್ಲಿಂದ ಹುಡುಕಬೇಕು? ಬಹಳ ಮಂದಿ ನೇರ ಮಷಿನ್ನಿಗೆ ಕೈ ಹಾಕುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ.

ಮೊದಲು ನೋಡಬೇಕಾದದ್ದು ಬೆಳಕು. ಅಂತರರಾಷ್ಟ್ರೀಯ ಮಾನಕ ಐಎಸ್ಒ 3664 ಪ್ರಕಾರ ಪ್ರೂಫನ್ನೂ ಅಚ್ಚನ್ನೂ ಹೋಲಿಸಬೇಕಾದದ್ದು 5000 ಕೆಲ್ವಿನ್ ಗುಣದ, ಸುಮಾರು 2000 ಲಕ್ಸ್ ಪ್ರಖರತೆಯ ಬೆಳಕಿನಲ್ಲಿ, ಬೂದು ಹಿನ್ನೆಲೆಯ ಮೇಲೆ. ನಮ್ಮ ಅಂಗಡಿಗಳ ಎಲ್ಇಡಿ ಟ್ಯೂಬ್‌ಗಳು ಸಾಮಾನ್ಯವಾಗಿ 6500 ಕೆಲ್ವಿನ್ನಿನವು, ನೀಲಿಯ ಕಡೆಗೆ ವಾಲಿದವು. ಲೇಸರ್ ಪ್ರಿಂಟರಿನ ಟೋನರ್ ಮತ್ತು ಆಫ್‌ಸೆಟ್ ಶಾಯಿ ಒಂದು ಬೆಳಕಿನಲ್ಲಿ ಒಂದೇ ಬಣ್ಣವಾಗಿ ಕಂಡು, ಇನ್ನೊಂದರಲ್ಲಿ ಬೇರೆಯಾಗಿ ಬಿಡುತ್ತವೆ. ಅಂಗಡಿಯೊಳಗೆ ಒಪ್ಪಿದ ಹಾಳೆಯನ್ನು ಗಿರಾಕಿ ಬಿಸಿಲಿಗೆ ಹಿಡಿದು ಬೈಯುವುದು ಈ ಕಾರಣಕ್ಕೆ. ಅವರ ಕಣ್ಣು ಸುಳ್ಳು ಹೇಳುತ್ತಿಲ್ಲ.

ಆಮೇಲೆ ಕಾಗದ. ಪ್ರೂಫ್ ಹೊಳೆಯುವ ಫೋಟೊ ಕಾಗದದಲ್ಲಿ, ಅಚ್ಚು ಮ್ಯಾಪ್ಲಿತೊದಲ್ಲಿ ಆದರೆ ಹೋಲಿಕೆಗೆ ಅರ್ಥವಿಲ್ಲ. ಮ್ಯಾಪ್ಲಿತೊ ಶಾಯಿಯನ್ನು ಒಳಗೆಳೆದುಕೊಳ್ಳುತ್ತದೆ, ಬಣ್ಣ ಸಪ್ಪೆಯಾಗುತ್ತದೆ. ಆರ್ಟ್ ಪೇಪರ್ ಶಾಯಿಯನ್ನು ಮೇಲೆಯೇ ನಿಲ್ಲಿಸಿಕೊಳ್ಳುತ್ತದೆ. ಈಗಿನ ಬಹುತೇಕ ಬಿಳಿ ಕಾಗದಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಪ್ರೂಫ್ ಕಾಗದದಲ್ಲಿ ಅದು ಕಡಿಮೆ ಇದ್ದರೆ, ಎರಡೂ ಹಾಳೆಯ ಶಾಯಿ ಎಷ್ಟೇ ಸರಿಯಿದ್ದರೂ ಅಚ್ಚು ತಣ್ಣಗೆ, ಪ್ರೂಫ್ ಹಳದಿಯಾಗಿ ಕಾಣುತ್ತದೆ. ಮುಖಪುಟಕ್ಕೆ ಮ್ಯಾಟ್ ಲ್ಯಾಮಿನೇಷನ್ ಮಾಡಿಸುವುದಾದರೆ ಪ್ರೂಫಿಗೂ ಮಾಡಿಸಿಯೇ ನೋಡಬೇಕು. ಒದ್ದೆ ಶಾಯಿಯ ಹೊಳಪು ಆರಿದ ಮೇಲೆ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಫೈಲ್. ಚಿತ್ರಗಳು ಕೆಂಪು-ಹಸಿರು-ನೀಲಿ ರೂಪದಲ್ಲೇ ಉಳಿದಿದ್ದರೆ, ಅವನ್ನು ನಾಲ್ಕು ಶಾಯಿಗೆ ಪರಿವರ್ತಿಸುವುದು ಪ್ಲೇಟ್ ಮಾಡುವ ಯಂತ್ರ. ಅದು ಹೇಗೆ ಪರಿವರ್ತಿಸಿತೆಂದು ಮುದ್ರಣವಾಗುವ ತನಕ ಯಾರಿಗೂ ತಿಳಿಯುವುದಿಲ್ಲ. ಕನ್ನಡದ ಮಟ್ಟಿಗೆ ಇದರಿಂದ ಇನ್ನೊಂದು ಹಾನಿ ಇದೆ, ಅದರ ಬಗ್ಗೆ ಮಾತನಾಡುವವರು ಕಡಿಮೆ. ಪರದೆಯ ಕಪ್ಪು ನಾಲ್ಕು ಶಾಯಿಯ ಕಪ್ಪಾಗಿ ಬದಲಾದಾಗ ಸಣ್ಣ ಅಕ್ಷರಗಳು ನಾಲ್ಕು ಪ್ಲೇಟಿನಲ್ಲಿ ಹಂಚಿಹೋಗುತ್ತವೆ. ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸುತ್ತ ಬಣ್ಣದ ಅಂಚು ಮೂಡಿ, ‘ಕ್ಷ್ಮ’, ‘ಸ್ತ್ರೀ’ ಥರದ ಕೂಡಕ್ಷರಗಳು ಓದಲಾರದಂತೆ ಕಲಸಿಕೊಳ್ಳುತ್ತವೆ. ಬರಹದ ಕಪ್ಪು ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಬೇಕು. ಇಷ್ಟನ್ನು ಖಚಿತಪಡಿಸಿಕೊಳ್ಳಲು ಒಂದು ಪೈಸೆ ಖರ್ಚಿಲ್ಲ.

ಇಷ್ಟೆಲ್ಲ ನೋಡಿಯಾದ ಮೇಲೆ ಮಷಿನ್ನಿನ ಸರದಿ. ಪ್ಲೇಟಿನಲ್ಲಿ ಶೇ 50ರ ಚುಕ್ಕೆ ಇದ್ದರೆ ಒತ್ತಡಕ್ಕೆ ಹರಡಿ ಆರ್ಟ್ ಪೇಪರಿನಲ್ಲಿ ಅದು ಶೇ 65ರ ಆಸುಪಾಸು ಬರುತ್ತದೆ. ಪತ್ರಿಕೆಯ ಕಾಗದದಲ್ಲಿ ಶೇ 75 ದಾಟುತ್ತದೆ. ಈ ಹರಡುವಿಕೆ ಗೊತ್ತಿದ್ದು, ಸ್ಥಿರವಾಗಿದ್ದರೆ ಪ್ರೂಫ್ ತೆಗೆಯುವ ಸಾಫ್ಟ್‌ವೇರ್ ಅದನ್ನು ಮೊದಲೇ ಲೆಕ್ಕಹಾಕಿ ತೋರಿಸಬಲ್ಲದು. ಪ್ಲೇಟಿನ ಶಾಯಿಯನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಹೊದಿಕೆಯಾದ ಬ್ಲ್ಯಾಂಕೆಟ್ ಸವೆದದ್ದು, ಪ್ಲೇಟಿಗೆ ಹೆಚ್ಚಾದ ನೀರು, ಬದಲಾದ ಶಾಯಿಯ ಕಂಪನಿ ಇವುಗಳಲ್ಲಿ ಒಂದು ಸಾಕು ಆ ಲೆಕ್ಕ ಹಾಳಾಗಲು.

ಬಣ್ಣ ತಪ್ಪಿದೆಯೋ ಇಲ್ಲವೋ ಎಂದು ಪತ್ತೆಹಚ್ಚಲು ಕಣ್ಣು ಕುಕ್ಕುವ ಚಿತ್ರಕ್ಕಿಂತ ಬೂದು ಚಿತ್ರ ಒಳ್ಳೆಯ ಸಾಕ್ಷಿ. ಯಲಬುರ್ಗಾ ಸೀಮೆಯಲ್ಲಿ, ಕುಕನೂರಿನ ಹತ್ತಿರದ ಇಟಗಿಯ ಮಹಾದೇವ ದೇವಾಲಯ ಇದಕ್ಕೆ ಸೊಗಸಾದ ಉದಾಹರಣೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದ ಗುಡಿ ಅದು. ಬಳಪದ ಕಲ್ಲಿನ ಅದರ ಮೈಯಲ್ಲಿ ಹಸಿರಿನ ಎಳೆಯಿರುವ ಬೂದು ಇದೆ. ಆ ಬೂದನ್ನು ಅಚ್ಚಿನಲ್ಲಿ ಮೂಡಿಸುವುದು ಸಯಾನ್, ಮಜೆಂಟಾ, ಹಳದಿಗಳ ಸಮತೋಲ. ಸಯಾನ್ ಶೇ 50, ಉಳಿದೆರಡು ಶೇ 40ರಂತೆ ಸೇರಿದರೆ ಸುಮಾರಾಗಿ ನಿರ್ವರ್ಣ ಬೂದು ಬರುತ್ತದೆ. ಮಜೆಂಟಾ ಎರಡು ಮೂರು ಅಂಶ ಏರಿದರೂ ಗುಡಿ ಗುಲಾಬಿಯಾಗುತ್ತದೆ, ಸಯಾನ್ ಏರಿದರೆ ಕಲ್ಲಿಗೆ ಸಿಮೆಂಟಿನ ಕಳೆ ಬರುತ್ತದೆ. ಪ್ರವಾಸಿ ಪುಸ್ತಿಕೆಯಲ್ಲಿ ಇಟಗಿ ಗುಲಾಬಿಯಾಗಿ ಕಂಡರೆ ಅದೇ ಪುಟದ ಆನೆಗೊಂದಿಯ ಬಂಡೆಗಳೂ, ಜನರ ಮುಖಗಳೂ ಕೆಂಪಾಗಿಯೇ ಇರುತ್ತವೆ. ಗಿರಾಕಿಗೆ ಅದು ಗೊತ್ತಾಗದೆ ಹೋಗಬಹುದು, ಅಷ್ಟೇ.

ದೂರದ ಊರಲ್ಲಿ ಮುದ್ರಣವಾಗುವುದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ನಾಲ್ಕು ಬಣ್ಣದ ದೊಡ್ಡ ಕೆಲಸಗಳು ಈ ತಾಲ್ಲೂಕುಗಳಿಂದ ಮುದ್ರಣಕ್ಕೆ ಹೆಸರಾದ ಗದಗಕ್ಕೆ, ಹುಬ್ಬಳ್ಳಿಗೆ, ಬೆಂಗಳೂರಿಗೆ, ಶಿವಕಾಶಿಗೆ ಹೋಗುತ್ತವೆ. ಖರ್ಚು ಉಳಿಸಲು ಅಲ್ಲಿ ಒಂದೇ ದೊಡ್ಡ ಹಾಳೆಯಲ್ಲಿ ಹತ್ತಾರು ಗಿರಾಕಿಗಳ ಕೆಲಸ ಜೋಡಿಸುವುದುಂಟು. ಶಾಯಿ ಹಾಳೆ ಓಡುವ ದಿಕ್ಕಿನಲ್ಲಿ ಪಟ್ಟಿಪಟ್ಟಿಯಾಗಿ ಬೀಳುತ್ತದೆ. ಮುಂದಿರುವ ಲಗ್ನಪತ್ರಿಕೆಯ ಕೆಂಪಿಗೆಂದು ಆ ಪಟ್ಟಿಯ ಶಾಯಿ ಹೆಚ್ಚಿಸುವ ಕೀಲಿ ತಿರುಗಿಸಿದರೆ, ಅದೇ ಪಟ್ಟಿಯಲ್ಲಿ ಹಿಂದಿರುವ ಆಸ್ಪತ್ರೆಯ ಕರಪತ್ರದಲ್ಲಿ ವೈದ್ಯರ ಮುಖ ಕೆಂಪಾಗುತ್ತದೆ. ಕುಷ್ಟಗಿಯ ಗಿರಾಕಿ ಶಿವಕಾಶಿಯ ಮಷಿನ್ ಪಕ್ಕ ನಿಂತು ಇದನ್ನು ತಡೆಯಲಾರರು. ಅಗ್ಗದ ದರಕ್ಕೆ ಒಪ್ಪುವಾಗಲೇ ಬಣ್ಣದ ಮೇಲಿನ ಹಿಡಿತ ಬಿಟ್ಟುಕೊಟ್ಟಿರುತ್ತಾರೆ. ಈ ಮಾತನ್ನು ಆರ್ಡರ್ ತೆಗೆದುಕೊಳ್ಳುವಾಗ ಬಾಯಿಬಿಟ್ಟು ಹೇಳುವುದೇ ನ್ಯಾಯ.

ಸ್ಥಳೀಯ ಪ್ರೆಸ್ಸುಗಳಿಗೆ ಬೇರೆ ಪರೀಕ್ಷೆ ಇದೆ, ಅದು ಬೇಸಿಗೆ. ಆಫ್‌ಸೆಟ್ ಮುದ್ರಣಕ್ಕೆ 20ರಿಂದ 25 ಡಿಗ್ರಿ ಉಷ್ಣಾಂಶ, ಶೇ 50ರಿಂದ 60 ತೇವಾಂಶ ಹಿತ. ಏಪ್ರಿಲ್‌ನಲ್ಲಿ ತಗಡಿನ ಸೂರಿನ ಕೆಳಗೆ, 40 ಡಿಗ್ರಿಯ ಒಣ ಗಾಳಿಯಲ್ಲಿ ಶಾಯಿ ತೆಳ್ಳಗಾಗಿ ಚುಕ್ಕೆ ಇನ್ನಷ್ಟು ಹರಡುತ್ತದೆ. ಕಾಗದದ ಅಂಚುಗಳು ತೇವ ಕಳೆದುಕೊಂಡು ಬಿಗಿದು ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವುದಿಲ್ಲ. ಪ್ಲೇಟಿಗೆ ಹಾಯಿಸುವ ನೀರಿನ ಆಮ್ಲೀಯತೆ ಸಾಮಾನ್ಯವಾಗಿ ಪಿಎಚ್ 4.8ರಿಂದ 5.5ರ ನಡುವೆ ಇರಬೇಕು. ಬೋರ್‌ವೆಲ್ಲಿನ ಗಡಸು ನೀರು ಅದನ್ನು ಕದಡುತ್ತದೆ. ಬೆಳಗಿನ ಮತ್ತು ಮಧ್ಯಾಹ್ನದ ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ಎರಡು ಬೇರೆ ಪ್ರೆಸ್ಸಿನವೆನ್ನಿಸುವುದು ಇದರಿಂದ. ಶುದ್ಧೀಕರಿಸಿದ ನೀರು, ಮುದ್ರಣಕ್ಕೆ ಒಂದು ದಿನ ಮೊದಲೇ ಮಷಿನ್ ಕೋಣೆಗೆ ತಂದಿಟ್ಟ ಕಾಗದ, ಅಗ್ಗದ ಪಿಎಚ್ ಪಟ್ಟಿ: ಇವೆಲ್ಲ ಸಣ್ಣ ಪ್ರೆಸ್ಸಿನ ಕೈಗೆ ಎಟುಕುವ ಪರಿಹಾರಗಳು.

ಗಂಗಾವತಿಯ ಅಕ್ಕಿ ಚೀಲದ ಕಥೆಯೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿ ಇಲ್ಲಿನ ಗಿರಣಿಗಳಿಂದ ಬ್ರ್ಯಾಂಡಿನ ಚೀಲಗಳಲ್ಲಿ ಹೊರಡುತ್ತದೆ. ಅಂಗಡಿಯ ಗೋಡೆಗೆ ಒರಗಿಸಿದ ಚೀಲಗಳಲ್ಲಿ ತಮ್ಮದನ್ನು ಗಿರಾಕಿ ದೂರದಿಂದಲೇ ಗುರುತಿಸುವುದು ಬಣ್ಣದಿಂದ. ಹೊಳೆಯುವ ಚೀಲಗಳಲ್ಲಿ ಅಚ್ಚಾಗಿರುವುದು ಪಾರದರ್ಶಕ ಫಿಲ್ಮಿನ ಒಳಮೈ. ಕೆತ್ತಿದ ಸಿಲಿಂಡರುಗಳಿಂದ ಬಣ್ಣಗಳನ್ನು ತಿರುವುಮುರುವಾಗಿ ಮುದ್ರಿಸಿ, ಕೊನೆಗೆ ಬಿಳಿ ಶಾಯಿ ಬಳಿದು, ನೇಯ್ದ ಪ್ಲಾಸ್ಟಿಕ್ಕಿಗೆ ಅಂಟಿಸುತ್ತಾರೆ. ಆ ಬಿಳಿ ತೆಳುವಾದರೆ ಮೇಲಿನ ಎಲ್ಲ ಬಣ್ಣವೂ ಮಂಕು. ಕಾಗದದ ಮೇಲಿನ ಪ್ರೂಫಿನಲ್ಲಿ ಈ ಬಿಳಿಯ ಸುಳಿವೇ ಇರುವುದಿಲ್ಲ. ಸಿಲಿಂಡರ್ ಕೆತ್ತಿದ ಮೇಲೆ ತಿದ್ದುವುದೆಂದರೆ ಮತ್ತೆ ಕೆತ್ತಿಸುವುದು, ಇಲ್ಲವೆ ಶಾಯಿ ಬೆರೆಸಿ ಸರಿದೂಗಿಸುವುದು. ಗಿರಣಿ ಮಾಲೀಕರು ಕೇಳಬೇಕಾದದ್ದು ಕಾಗದದ ಪ್ರೂಫನ್ನಲ್ಲ, ಅದೇ ಫಿಲ್ಮಿನ ಮೇಲೆ ಬಿಳಿಯ ಸಮೇತ ಒತ್ತಿದ ತುಂಡನ್ನು. ಬ್ರ್ಯಾಂಡಿನ ಮುಖ್ಯ ಬಣ್ಣವನ್ನು ನಾಲ್ಕು ಶಾಯಿಯಿಂದ ಕೂಡಿಸುವ ಬದಲು ಒಂದೇ ಬೆರೆಸಿದ ಶಾಯಿಯಾಗಿ ಪ್ರತ್ಯೇಕ ಸಿಲಿಂಡರಿಗೆ ಕೊಟ್ಟರೆ ಪ್ರತಿ ಖೇಪಿಗೂ ಹೋರಾಡಬೇಕಾಗಿಲ್ಲ.

ಕುಷ್ಟಗಿಯ ಆಚೆಗೇ ಇಳಕಲ್. ಕುಷ್ಟಗಿ ತಾಲ್ಲೂಕಿನ ಹಳ್ಳಿಗಳಲ್ಲೂ ಇಳಕಲ್ ಸೀರೆಯ ಮಗ್ಗಗಳಿವೆ. ಆ ಸೀರೆಯ ದಡಿಯ ಕುಂಕುಮಗೆಂಪು ರೇಷ್ಮೆಯ ಹೊಳಪಿನ ಮೇಲೆ ನಿಂತ ಬಣ್ಣ. ಮಡಿಕೆಯ ಒಳಗೆ ಗಾಢ, ಬೆಳಕು ಬಿದ್ದಲ್ಲಿ ಉಜ್ವಲ. ಕ್ಯಾಟಲಾಗಿನಲ್ಲಿ ಕಪ್ಪು ಶಾಯಿ ಸ್ವಲ್ಪ ಏರಿದರೆ ಅದು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ನೇಕಾರರ ಸಂಘಗಳು ಫೋಟೊದ ಜತೆ ಅದೇ ಸೀರೆಯ ದಡಿಯ ಒಂದು ಚೂರನ್ನೂ ಪ್ರೆಸ್ಸಿಗೆ ಕಳಿಸಬೇಕು. ಪ್ರೆಸ್ಸಿನವರು ಆ ಚೂರನ್ನು ನೋಡಿ ಪ್ರೂಫ್ ತಿದ್ದಲಿ, ಪ್ರೂಫನ್ನು ನೋಡಿ ಮಷಿನ್ ಓಡಿಸಲಿ. ನೂಲನ್ನು ನೋಡಿ ನೇರ ಮಷಿನ್ ತಿದ್ದಲು ಹೊರಟರೆ ಹಾಳೆಗಳು ವ್ಯರ್ಥವಾಗುತ್ತವೆ, ಬಣ್ಣ ಮಾತ್ರ ಸಿಗುವುದಿಲ್ಲ.

ಬಣ್ಣವನ್ನು ಮಾತಿನಲ್ಲಿ ಬಿಟ್ಟು ಅಂಕಿಯಲ್ಲಿ ಹಿಡಿಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಯಾರಿಸುವ ರಾಷ್ಟ್ರಧ್ವಜ ಭಾರತೀಯ ಮಾನಕ ಐಎಸ್ 1ಕ್ಕೆ ಹೊಂದಬೇಕು. 1951ರಲ್ಲಿ ರೂಪುಗೊಂಡು 1968ರಲ್ಲಿ ಪರಿಷ್ಕೃತವಾದ ಆ ಮಾನಕದಲ್ಲಿ ಕೇಸರಿ, ಬಿಳಿ, ಹಸಿರು, ಚಕ್ರದ ನೀಲಿ ಪ್ರತಿಯೊಂದಕ್ಕೂ ನಿರ್ದಿಷ್ಟ ಬೆಳಕಿನಲ್ಲಿ ಅಳೆದ ಅಂಕಿಗಳಿವೆ. ಖಾದಿ ಬಟ್ಟೆಗೆ ಬಣ್ಣ ಹಾಕುವವರು ಆ ಅಂಕಿಗೆ ಬದ್ಧರಾಗಿ ಕೆಲಸ ಮಾಡಬಲ್ಲರಾದರೆ ಕಾಗದದ ಮೇಲೆ ಮುದ್ರಿಸುವವರಿಗೆ ಅದು ಅಸಾಧ್ಯವಲ್ಲ. ಆಫ್‌ಸೆಟ್‌ಗೆ ಐಎಸ್ಒ 12647-2 ಇದೆ. ಅದರ ಪ್ರಕಾರ ತುಂಬು ಬಣ್ಣಗಳು ಗುರಿಯಿಂದ ‘ಡೆಲ್ಟಾ ಇ’ 5ರೊಳಗೆ ಇರಬೇಕು. ಎರಡು ಬಣ್ಣಗಳ ನಡುವಿನ ಅಂತರವನ್ನು ಅಳೆಯುವ ಆ ಮಾನದಲ್ಲಿ 1 ಎಂದರೆ ಪಳಗಿದ ಕಣ್ಣಿಗೆ ಕಷ್ಟದಲ್ಲಿ ಕಾಣುವಷ್ಟು ವ್ಯತ್ಯಾಸ. 5ರ ಮಿತಿ ಎಂದರೆ ನೂರಕ್ಕೆ ನೂರು ಹೊಂದಿಕೆ ಯಾವ ಪ್ರೆಸ್ಸಿನಿಂದಲೂ ನಿರೀಕ್ಷಿಸಬಾರದು ಎಂಬ ಒಪ್ಪಿಗೆಯೂ ಹೌದು. ಗಿರಾಕಿಗೂ ಪ್ರೆಸ್ಸಿಗೂ ಇದು ಸಮನಾದ ರಕ್ಷಣೆ.

ಸಣ್ಣ ಪ್ರೆಸ್ಸಿನವರು ಇದಕ್ಕೆ ಎತ್ತುವ ಆಕ್ಷೇಪ ನ್ಯಾಯವಾದದ್ದೇ. ಬಣ್ಣ ಅಳೆಯುವ ಸ್ಪೆಕ್ಟ್ರೊಫೋಟೊಮೀಟರಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಬಿಲ್‌ಬುಕ್ ಹೊಡೆದು ಬದುಕುವವರಿಗೆ ಅದು ಆಗುವ ಮಾತಲ್ಲ. ಆದ್ದರಿಂದಲೇ ಜಿಲ್ಲೆಗೆ ಒಂದಾದರೂ ಇಂಥ ಸಾಧನ, ಒಂದು ಪ್ರಮಾಣಿತ ಬೆಳಕಿನ ಪೆಟ್ಟಿಗೆ ಸಾರ್ವಜನಿಕ ಸಂಸ್ಥೆಯೊಂದರಲ್ಲಿ ಇರಬೇಕು. ಪಾಲಿಟೆಕ್ನಿಕ್ ಆಗಲಿ, ಜಿಲ್ಲಾ ಕೈಗಾರಿಕಾ ಕೇಂದ್ರವಾಗಲಿ ಸಣ್ಣ ಶುಲ್ಕಕ್ಕೆ ಹಾಳೆ ಅಳೆದು ವರದಿ ಕೊಡುವಂತಾಗಬೇಕು. ಮಣಿಪಾಲದ ಎಂಐಟಿಯಲ್ಲಿ ಮುದ್ರಣ ಎಂಜಿನಿಯರಿಂಗ್ ದಶಕಗಳ ಕಾಲ ಕಲಿಸಿದ ಅನುಭವ ರಾಜ್ಯದಲ್ಲೇ ಇದೆ. ಅಲ್ಲಿನ ತಿಳಿವನ್ನು ಡಿಟಿಪಿ ಹುಡುಗರಿಗೆ, ಮಷಿನ್‌ಮನ್‌ಗಳಿಗೆ ಕನ್ನಡದಲ್ಲಿ, ವಾರದ ತರಬೇತಿಯಾಗಿ ತಲುಪಿಸಬಹುದು. ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಇರುವ ಜಿಲ್ಲೆಯಿದು. ಆಟಿಕೆಯ ಪೆಟ್ಟಿಗೆ ಕೊಳ್ಳುವ ಕಂಪನಿಗಳು ಬಣ್ಣವನ್ನು ಅಂಕಿಯಲ್ಲೇ ಕೇಳುತ್ತವೆ. ಆ ಅಂಕಿ ಕೊಡಬಲ್ಲ ಪ್ರೆಸ್ ಇಲ್ಲಿ ಇಲ್ಲದಿದ್ದರೆ ಪೆಟ್ಟಿಗೆಯ ಕೆಲಸ ಹೊರಗಿನವರ ಪಾಲಾಗುತ್ತದೆ.

ಮೊದಲ ಹೆಜ್ಜೆ ಇಡಬೇಕಾದದ್ದು ಸರ್ಕಾರಿ ಕಚೇರಿಗಳು. ಪುಸ್ತಿಕೆ, ಕ್ಯಾಲೆಂಡರ್, ಭಿತ್ತಿಪತ್ರಗಳ ಟೆಂಡರಿನಲ್ಲಿ ಸಾಮಾನ್ಯವಾಗಿ ಗಾತ್ರ, ಕಾಗದದ ಜಿಎಸ್ಎಂ, ‘ಮಲ್ಟಿಕಲರ್’ ಎಂಬ ಒಂದು ಶಬ್ದ, ಇಷ್ಟೇ ಇರುತ್ತದೆ. ಕಡಿಮೆ ದರದವರು ಗೆಲ್ಲುತ್ತಾರೆ, ಗುಲಾಬಿ ಇಟಗಿ ಅಚ್ಚಾಗುತ್ತದೆ. ಷರತ್ತುಗಳಿಗೆ ನಾಲ್ಕು ಸಾಲು ಸೇರಿಸಿದರೆ ಸಾಕು: ಮುದ್ರಣವಾಗುವ ಕಾಗದಕ್ಕೆ ಹೊಂದಿಸಿ, ಬಣ್ಣಪಟ್ಟಿಯ ಸಮೇತ ತೆಗೆದ ಪ್ರೂಫ್, ಅದಕ್ಕೆ ಅಧಿಕಾರಿಯ ಸಹಿ ಮತ್ತು ದಿನಾಂಕ, ಐಎಸ್ಒ 12647-2ರ ಮಿತಿ, ಬಿಲ್ಲಿನ ಜತೆ ಅಂಚು ಕತ್ತರಿಸದ ಮೂರು ಮುದ್ರಿತ ಹಾಳೆ. ಅಂಚಿನ ಬಣ್ಣಪಟ್ಟಿ ಉಳಿದಿದ್ದರೆ ಯಾವ ಶಾಯಿ, ಎಲ್ಲಿ, ಎಷ್ಟು ತಪ್ಪಿತೆಂದು ತಿಂಗಳ ನಂತರವೂ ಅಳೆದು ಹೇಳಬಹುದು. ಈಗ ಆ ಪಟ್ಟಿ ಕತ್ತರಿಸಿದ ಚೂರುಗಳ ಜತೆ ರದ್ದಿಗೆ ಹೋಗುತ್ತಿದೆ. ಮುಂದಿನ ಪ್ರವಾಸಿ ಪುಸ್ತಿಕೆಯ ಟೆಂಡರ್ ಕರೆಯುವ ಮೊದಲು ಕೊಪ್ಪಳದ ಜಿಲ್ಲಾಡಳಿತ ಈ ನಾಲ್ಕು ಸಾಲನ್ನು ಸೇರಿಸಲಿ. ಮುದ್ರಕರ ಸಂಘಟನೆಗಳು ಅದನ್ನು ವಿರೋಧಿಸದೆ, ತಾವೇ ಕರಡು ಬರೆದುಕೊಡಲಿ.